ಕ್ಯಾನ್ಸರ್ ಸ್ಯಾಂಪಲ್‌ಗಳ ಲೆಕ್ಕ ಇಡಲು ಯಾವ ಸಾಫ್ಟ್‌ವೇರ್? ಬಳಸಿದವರು ಹೇಳಿ

ಪ್ರಶ್ನೆ – ಹಾಸನ, ಪ್ಯಾಥಾಲಜಿ ವಿಭಾಗ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಆಸ್ಪತ್ರೆಯಲ್ಲಿ ಪ್ಯಾಥಾಲಜಿ ಕಲಿಸುತ್ತೇನೆ. ಸ್ತನ ಮತ್ತು ಬಾಯಿ ಕ್ಯಾನ್ಸರ್ ಆಪರೇಷನ್ ಆದಾಗ, ರೋಗಿಯ ಪರೀಕ್ಷೆಗೆ ಬೇಕಾದಷ್ಟು ತೆಗೆದುಕೊಂಡು ಉಳಿದ ಗಡ್ಡೆ ಚೂರನ್ನು ಸಂಶೋಧನೆಗೆ ಇಡುತ್ತಿದ್ದೇವೆ. ಜೊತೆಗೆ ರಕ್ತ. ಮೈನಸ್ 80 ಡಿಗ್ರಿಯ ಒಂದು ಫ್ರೀಜರ್, 9 ಬಾಕ್ಸ್, ಸುಮಾರು 700 ಟ್ಯೂಬ್. ಗಡ್ಡೆ ಚೂರನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕ್‌ಗಳು ಬೀರುವಿನಲ್ಲಿವೆ. ಲೆಕ್ಕ ಎಲ್ಲ ಎಕ್ಸೆಲ್‌ನಲ್ಲಿ. ಬೆಂಗಳೂರಿನ ತಂಡವೊಂದು ನಮ್ಮ ಜೊತೆ ಕೆಲಸ ಮಾಡಲು ಮುಂದೆ ಬಂದಿದೆ. ಮೊದಲ ಫೋನಿನಲ್ಲೇ "ಯಾವ ಸಾಫ್ಟ್‌ವೇರ್ ಬಳಸ್ತೀರಿ?" ಅಂತ ಕೇಳಿದರು. ನಾನು ತಡಬಡಾಯಿಸಿದೆ. ದುಡ್ಡಿಲ್ಲ ಅಂತಲೇ ಇಟ್ಟುಕೊಳ್ಳಿ. ಕೆಲಸಕ್ಕೆ ನಾನು, ಒಬ್ಬ ಟೆಕ್ನಿಷಿಯನ್, ಅಷ್ಟೇ. ಏನು ಹಾಕಿಸಿಕೊಳ್ಳಲಿ?

ಉತ್ತರ – ಸಕಲೇಶಪುರ, ಮೊದಲು ಬೆಂಗಳೂರಿನ ಬಯೋಬ್ಯಾಂಕ್ (ಸಂಶೋಧನೆಗೆ ಸ್ಯಾಂಪಲ್ ಕಾದಿಡುವ ಕೇಂದ್ರ) ಒಂದರಲ್ಲಿ ಇದ್ದವಳು

ಮೇಡಂ, ಸಾಫ್ಟ್‌ವೇರ್ ಮಾತು ಆಮೇಲೆ. ಮೊದಲು ಎಕ್ಸೆಲ್‌ನಲ್ಲಿ ಕಣ್ಣು ಮುಚ್ಚಿ ಹತ್ತು ಸಾಲಿನ ಮೇಲೆ ಬೆರಳಿಡಿ. ಫ್ರೀಜರ್ ತೆಗೆದು ಆ ಹತ್ತು ಟ್ಯೂಬ್ ಹುಡುಕಿ. ಎಷ್ಟು ಸಿಕ್ಕವು ಅಂತ ಇಲ್ಲೇ ಬರೆಯಿರಿ.

ನಮ್ಮ ಕಥೆ ಕೇಳಿ. ನಾನು ಆರು ವರ್ಷ ಇದ್ದ ಕಡೆಯೂ ಶುರುವಾಗಿದ್ದು ಎಕ್ಸೆಲ್‌ನಿಂದಲೇ. 3ನೇ ಬಾಕ್ಸಿನ 7ನೇ ಕುಳಿಗೆ 3-7 ಅಂತ ಹೊಡೆಯುತ್ತಿದ್ದೆವು. ಅದು ಜುಲೈ 3 ಆಗಿ ಕೂರುತ್ತಿತ್ತು. 0045 ಹೋಗಿ ಬರೀ 45 ಆಗುತ್ತಿತ್ತು. ನಗಬೇಡಿ, ದೊಡ್ಡವರಿಗೂ ಇದು ತಪ್ಪಿಲ್ಲ. ಮಾರ್ಚ್1, ಸೆಪ್ಟ್1 ಅಂತೆಲ್ಲ ಜೀನ್‌ಗಳಿದ್ದವು. ಎಕ್ಸೆಲ್ ಅವನ್ನು ತಾರೀಖು ಮಾಡುತ್ತಿತ್ತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು!

ಇಷ್ಟನ್ನು ಸಹಿಸಬಹುದಿತ್ತು. ಒಂದು ದಿನ ಯಾರೋ ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಿ, ಸೇವ್ ಮಾಡಿ, ಮನೆಗೆ ಹೋದರು. ಹೆಸರು ಒಬ್ಬರದು, ಗಡ್ಡೆ ಇನ್ನೊಬ್ಬರದು. ನಮಗೆ ಗೊತ್ತಾಗಿದ್ದು ಮೂರು ವಾರ ಕಳೆದ ಮೇಲೆ. ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್ ಹಿಡಿದು ಒಂದೊಂದೇ ಟ್ಯೂಬ್ ತಾಳೆ ನೋಡಿದೆವು. ತಾಳೆಯಾಗದೆ ಉಳಿದ 31 ಟ್ಯೂಬ್ ಬಿಸಾಡಬೇಕಾಯಿತು. ಯಾರದೋ ಮೈಯಿಂದ ತೆಗೆದದ್ದು, ನಂಬಿ ಕೊಟ್ಟದ್ದು. ಬಿಸಾಡಲು ಕೈ ಬರಲಿಲ್ಲ.

ಇನ್ನೊಂದು ತೊಡಕು, ತಾಯಿ-ಮಕ್ಕಳ ಲೆಕ್ಕ. ಒಬ್ಬ ರೋಗಿಯಿಂದ ಒಂದು ಟ್ಯೂಬ್ ರಕ್ತ ಬಂತು. ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ಪ್ಲಾಸ್ಮಾ ಬೇರೆ, ಬಿಳಿಕಣದ ಪದರ ಬೇರೆ. ಪ್ಲಾಸ್ಮಾ ನಾಲ್ಕು ಪಾಲಾಯಿತು. ಬಿಳಿಕಣದಿಂದ ಡಿಎನ್‌ಎ ತೆಗೆದಿರಿ. ಈಗ ಒಂದೇ ರಕ್ತಕ್ಕೆ ಐದಾರು ಮಕ್ಕಳು. ಯಾವುದು ಖರ್ಚಾಯಿತು, ಯಾವುದು ಎಷ್ಟು ಸಲ ಕರಗಿ ಮತ್ತೆ ಹೆಪ್ಪುಗಟ್ಟಿತು, ಎಕ್ಸೆಲ್‌ನಲ್ಲಿ ಇಡುವುದು ಕಷ್ಟ. ಬಯೋಬ್ಯಾಂಕ್ ಸಾಫ್ಟ್‌ವೇರ್ ಹುಟ್ಟಿದ್ದೇ ಇದಕ್ಕೆ.

ನಾವು ಹೋಗಿದ್ದು ಓಪನ್‌ಸ್ಪೆಸಿಮನ್ ಅನ್ನುವ ಸಾಫ್ಟ್‌ವೇರ್‌ಗೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಯೋಜನೆಯಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಕಟ್ಟಿದ್ದ ಸಿಎಟಿಷ್ಯೂ ಅದರ ಹಿಂದಿನ ರೂಪ. ಈಗ ನೋಡಿಕೊಳ್ಳುತ್ತಿರುವುದು ಪುಣೆಯ ಕೃಷಾಗ್ನಿ ಅನ್ನುವ ಕಂಪನಿ. ಮೂಲ ಕೋಡ್ ಮುಕ್ತವಾಗಿದೆ. ಕೆಲವು ಸೌಲಭ್ಯಗಳು ದುಡ್ಡು ಕೊಟ್ಟವರಿಗೆ ಮಾತ್ರ, ಕೇಳಿ ತಿಳಿದುಕೊಳ್ಳಿ. ರೋಗಿ, ಭೇಟಿ, ಸ್ಯಾಂಪಲ್, ಅದರ ಪಾಲುಗಳು ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಫ್ರೀಜರ್, ತಟ್ಟೆ, ರ‍್ಯಾಕ್, ಬಾಕ್ಸ್ ಎಲ್ಲ ತೆರೆಯ ಮೇಲೆ ಕಾಣುತ್ತದೆ. 9 ಸಾಲು 9 ಕಾಲಂನ 81 ಕುಳಿಯ ಬಾಕ್ಸ್ ಇದ್ದ ಹಾಗೇ ಮೂಡುತ್ತದೆ. ತುಂಬಿದ ಕುಳಿಗೆ ಇನ್ನೊಂದು ಟ್ಯೂಬ್ ಹಾಕಲು ಬಿಡುವುದಿಲ್ಲ.

ಆದರೆ ಬಿಟ್ಟಿ ಅಂದರೆ ಪೂರ್ತಿ ಬಿಟ್ಟಿ ಅಲ್ಲ. ಸರ್ವರ್ ಬೇಕು, ಡೇಟಾಬೇಸ್ ಬೇಕು, ಅದನ್ನು ಕಾಯುವವರು ಬೇಕು. ನಮ್ಮಲ್ಲಿ ಹಾಕಿಸಲು ಎರಡು ದಿನ ಸಾಕಾಯಿತು. ಹಳೆಯ ಎಕ್ಸೆಲ್ ತೊಳೆದು ಒಳಗೆ ತುಂಬಲು ಐದು ತಿಂಗಳು ಹಿಡಿಯಿತು.

ಯಾವುದೇ ಸಾಫ್ಟ್‌ವೇರ್ ತೆಗೆದುಕೊಳ್ಳಿ, ಗಡಿಯಾರದ ಕಾಲಂ ಬಿಡಬೇಡಿ. ಗಡ್ಡೆ ಮೈಯಿಂದ ಬೇರೆಯಾದ ಗಳಿಗೆ, ಕೊಳೆಯದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಬಿದ್ದ ಗಳಿಗೆ, ಫ್ರೀಜರ್ ಸೇರಿದ ಗಳಿಗೆ. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಪರೀಕ್ಷೆಗೆ ಒಂದು ಗಂಟೆಯೊಳಗೆ ಫಾರ್ಮಲಿನ್, ಅದರಲ್ಲಿ 6ರಿಂದ 72 ಗಂಟೆ ಅಂತ ನಿಯಮ ಇರುವುದು ನಿಮಗೇ ಗೊತ್ತು. ಆರ್‌ಎನ್‌ಎ ಅಂತೂ ಕಾಯುವುದೇ ಇಲ್ಲ, ಬೇಗ ಹಾಳಾಗುತ್ತದೆ. ಈ ಗಳಿಗೆಗಳನ್ನು ಆಮೇಲೆ ನೆನಪು ಮಾಡಿಕೊಂಡು ಬರೆದರೆ ಸುಳ್ಳು ಬರೆದ ಹಾಗೇ. ಓಟಿ ಸಿಸ್ಟರ್‌ಗೆ ಒಂದು ಚೀಟಿ, ಒಂದು ಪೆನ್ನು ಕೊಡಿ. ಅವರು ಬರೆದರೆ ಅರ್ಧ ಗೆದ್ದಿರಿ.

ಉತ್ತರ – ಹಾಸನ, ಡೇಟಾ ನೋಡಿಕೊಳ್ಳುವವನು

ಅಕ್ಕ ಹೇಳಿದ್ದು ಸರಿ, ಆದರೆ ಇಬ್ಬರೇ ಇರುವಲ್ಲಿ ಓಪನ್‌ಸ್ಪೆಸಿಮನ್ ಭಾರ ಜಾಸ್ತಿ ಅಂತ ನನಗನ್ನಿಸುತ್ತದೆ. ನಾವು ರೆಡ್‌ಕ್ಯಾಪ್ ಬಳಸಿದೆವು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಮಾಡಿದ, ಫಾರಂ ತುಂಬಿ ಸಂಶೋಧನೆಯ ಮಾಹಿತಿ ಇಡುವ ಸಾಫ್ಟ್‌ವೇರ್, 2004ರಿಂದ ಇದೆ. ಲಾಭಕ್ಕಲ್ಲದ ಸಂಸ್ಥೆಗಳಿಗೆ ಲೈಸೆನ್ಸ್ ಫೀ ಇಲ್ಲ. ಆದರೆ ಒಪ್ಪಂದಕ್ಕೆ ಸಂಸ್ಥೆಯೇ ಸಹಿ ಹಾಕಬೇಕು, ನೀವೊಬ್ಬರೇ ಇಳಿಸಿಕೊಳ್ಳಲು ಆಗುವುದಿಲ್ಲ. ಒಪ್ಪಿಗೆ ಪತ್ರ, ರೋಗದ ವಿವರ, ಮುಂದಿನ ಭೇಟಿಗಳು, ಇವಕ್ಕೆಲ್ಲ ಚೆನ್ನಾಗಿದೆ. ಯಾರು ಯಾವಾಗ ಏನು ತಿದ್ದಿದರು ಅನ್ನುವುದೂ ಉಳಿಯುತ್ತದೆ.

ಸಕಲೇಶಪುರದ ಅಕ್ಕನ ಮರುಮಾತು

ತಮ್ಮಾ, ರೆಡ್‌ಕ್ಯಾಪ್‌ನಲ್ಲಿ ಬಾಕ್ಸಿನ ನಕ್ಷೆ ಎಲ್ಲಿದೆ? ಫಾರಂ ತುಂಬಲು ಅದು ಸೊಗಸು, ಒಪ್ಪುತ್ತೇನೆ. ಒಂದೇ ಕುಳಿಗೆ ಎರಡು ಟ್ಯೂಬ್ ಬರೆದರೆ ತಡೆಯುವಂತೆ ನೀವೇ ಏನೋ ಕಟ್ಟಿಕೊಳ್ಳಬೇಕು.

ಹಾಸನದವನ ಉತ್ತರ

ಕಟ್ಟಿಕೊಂಡೆವು. ಒಂದು ಸಲ ಕೈಕೊಟ್ಟಿತು ಕೂಡ. 700 ಟ್ಯೂಬಿಗೆ ಆಗುತ್ತದೆ, 7,000ಕ್ಕೆ ಆಗಲ್ಲ. ಇಷ್ಟೇ ನನ್ನ ವಾದ.

ಉತ್ತರ – ಚಿಕ್ಕಮಗಳೂರು, ಲ್ಯಾಬ್ ಟೆಕ್ನಿಷಿಯನ್

ಮೇಡಂ, ಟ್ಯೂಬಿಗೆ ಅಂಟಿಸುವ ಚೀಟಿ! ಯಾರೂ ಅದರ ವಿಷಯ ಎತ್ತಲಿಲ್ಲ. ಮಾಮೂಲಿ ಸ್ಟಿಕ್ಕರ್ ಮೈನಸ್ 80ರಲ್ಲಿ ಎಲೆ ಉದುರಿದ ಹಾಗೆ ಉದುರುತ್ತದೆ. ಪೆನ್ನಿನ ಬರಹ ಸ್ಪಿರಿಟ್ ತಾಗಿದರೆ ಮಾಯ. ಚಳಿಗೆ ತಡೆಯುವ ಲೇಬಲ್ ಮತ್ತು ಅಳಿಸಿಹೋಗದ ರೆಸಿನ್ ಶಾಯಿಯ ರಿಬ್ಬನ್ ಹಾಕುವ ಥರ್ಮಲ್ ಪ್ರಿಂಟರ್ ತೆಗೆದುಕೊಳ್ಳಿ. ಇರುವ ದುಡ್ಡನ್ನು ಮೊದಲು ಇದಕ್ಕೆ ಹಾಕಿ. ಟ್ಯೂಬ್ ಒಣಗಿರುವಾಗಲೇ, ಫ್ರೀಜ್ ಮಾಡುವ ಮೊದಲೇ ಅಂಟಿಸಿ. ಮಂಜು ಹಿಡಿದ ಟ್ಯೂಬಿಗೆ ಯಾವ ಲೇಬಲ್ಲೂ ಕೂರುವುದಿಲ್ಲ. ಚೌಕದ ಬಾರ್‌ಕೋಡ್ ಇರಲಿ, ಉದ್ದ ಗೆರೆಗಳದ್ದು ಸಣ್ಣ ಟ್ಯೂಬಿನ ಸುತ್ತ ತಿರುಗಿ ಓದಲು ಬರುವುದಿಲ್ಲ. ರೋಗಿಯ ಹೆಸರನ್ನು ಲೇಬಲ್ ಮೇಲೆ ಬರೆಯಲೇಬೇಡಿ.

ಉತ್ತರ – ಚಿಕ್ಕಮಗಳೂರು, ಸರ್ವರ್ ಕೆಲಸ

ನನ್ನದು ಕರೆಂಟಿನ ಮಾತು. ಮಲೆನಾಡ ಕಡೆಯ ಮಳೆ ಗೊತ್ತಲ್ವಾ? ಜುಲೈನಲ್ಲಿ ಒಂದು ಮರ ಬಿತ್ತು ಅಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಸರ್ವರ್ ನಿಂತರೆ ಪೇಪರ್ ಮೇಲೆ ಬರೆದು ಆಮೇಲೆ ತುಂಬಬಹುದು. ಫ್ರೀಜರ್ ನಿಂತರೆ ಏನೂ ಮಾಡಲಾಗದು. ಅದು ಜನರೇಟರ್ ಲೈನಿನಲ್ಲಿದೆಯಾ ಅಂತ ಇವತ್ತೇ ನೋಡಿ, ಫೋನಿಗೆ ಕರೆ ಬರುವ ಅಲಾರಂ ಹಾಕಿಸಿ. ತಿಂಗಳಿಗೊಮ್ಮೆ ಬಾಕ್ಸ್ ನಕ್ಷೆ ಪ್ರಿಂಟ್ ತೆಗೆದು ಫ್ರೀಜರ್ ಬಾಗಿಲಿಗೆ ಅಂಟಿಸಿ. ಬ್ಯಾಕಪ್ ಒಂದು ಪ್ರತಿ ಆಸ್ಪತ್ರೆಯ ಹೊರಗಿರಲಿ. ಆ ಬ್ಯಾಕಪ್‌ನಿಂದ ಒಮ್ಮೆ ಪೂರ್ತಿ ವಾಪಸ್ ತಂದು ನೋಡಿ. ಒಂದು ಕಡೆ ನಾನು ಎರಡು ವರ್ಷ ಬ್ಯಾಕಪ್ ತೆಗೆಯುತ್ತಿದ್ದೆ. ತೆರೆದು ನೋಡಿದರೆ ಎಲ್ಲ ಸೊನ್ನೆ ಸೈಜಿನ ಫೈಲು.

ಉತ್ತರ – ಹಾಸನ, ಎಥಿಕ್ಸ್ ಕಮಿಟಿಯಲ್ಲಿ ಸಾಮಾನ್ಯ ಸದಸ್ಯೆ

ನಾನು ಡಾಕ್ಟರ್ ಅಲ್ಲ, ನಿವೃತ್ತ ಟೀಚರ್. ಕಮಿಟಿಯಲ್ಲಿ ಜನರ ಪರ ಮಾತಾಡಲು ಕೂರಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಬಯೋಬ್ಯಾಂಕ್‌ಗೆ ಒಂದು ಅಧ್ಯಾಯವೇ ಇದೆ, ಓದಿ. ರೋಗಿ ಕೊಟ್ಟ ಒಪ್ಪಿಗೆಯನ್ನು ಆಮೇಲೆ ವಾಪಸ್ ಪಡೆಯಬಹುದು. ಆಗ ಅವರ ಟ್ಯೂಬ್‌ಗಳು ಎಲ್ಲೆಲ್ಲಿವೆ ಅಂತ ನಿಮ್ಮ ಕಂಪ್ಯೂಟರ್ ಒಂದೇ ಸಲಕ್ಕೆ ತೋರಿಸಬೇಕು. ಬೆಂಗಳೂರಿಗೆ ಹೋದ ಪಾಲೂ ಸೇರಿ. "ಈ ಅಧ್ಯಯನಕ್ಕೆ ಮಾತ್ರ" ಅಂದವರದ್ದು, "ಮುಂದೆ ಯಾವುದಕ್ಕಾದರೂ ಸರಿ" ಅಂದವರದ್ದು ಬೇರೆ ಬೇರೆ ಗುರುತಾಗಿರಬೇಕು. ಹೆಬ್ಬೆಟ್ಟು ಒತ್ತಿದವರ ಪತ್ರದಲ್ಲಿ ಸಾಕ್ಷಿ ಸಹಿ ಇದೆಯಾ ನೋಡಿ. ಹೆಸರಿಗೂ ನಂಬರಿಗೂ ಗಂಟು ಹಾಕುವ ಪಟ್ಟಿಯನ್ನು ಬೇರೆ ಕಡೆ ಬೀಗ ಹಾಕಿಡಿ. ಆಲೂರು ಕಡೆಯ ಅಜ್ಜಿಯೊಬ್ಬರು "ನನ್ನ ತುಂಡು ಎಲ್ಲಿಟ್ಟಿದ್ದೀರಿ, ತೋರಿಸ್ತೀರಾ?" ಅಂತ ಕೇಳಿದ್ದರು. ಅಲ್ಲಿದ್ದ ಯಾರಿಗೂ ತಕ್ಷಣ ಹೇಳಲು ಆಗಲಿಲ್ಲ.

ಪ್ರಶ್ನೆ ಕೇಳಿದವರು, ನಾಲ್ಕು ದಿನ ಬಿಟ್ಟು

ಎಲ್ಲರಿಗೂ ಥ್ಯಾಂಕ್ಸ್. ಹತ್ತು ಟ್ಯೂಬ್ ಹುಡುಕಿದೆವು. ಏಳು ಸಿಕ್ಕವು. ಒಂದು ಪಕ್ಕದ ಬಾಕ್ಸಿನಲ್ಲಿತ್ತು. ಒಂದು ಕುಳಿಯಲ್ಲಿ ಚೀಟಿ ಇಲ್ಲದ ಟ್ಯೂಬ್, ಚೀಟಿ ಬಾಕ್ಸಿನ ತಳದಲ್ಲಿ. ಇನ್ನೊಂದು ಹೋದ ವರ್ಷವೇ ಪಿಜಿ ಹುಡುಗನೊಬ್ಬನ ಪ್ರಾಜೆಕ್ಟ್‌ಗೆ ಖರ್ಚಾಗಿತ್ತಂತೆ. ನಮ್ಮ ಟೆಕ್ನಿಷಿಯನ್‌ಗೆ ನೆನಪಿತ್ತು, ಎಕ್ಸೆಲ್‌ಗೆ ಗೊತ್ತಿರಲಿಲ್ಲ. ಫ್ರೀಜರ್ ಜನರೇಟರ್ ಲೈನಿನಲ್ಲಿದೆ, ಅಷ್ಟು ಪುಣ್ಯ.

ಬೆಂಗಳೂರಿನವರಿಗೆ ಎರಡು ತಿಂಗಳು ಕೊಡಿ ಅಂದಿದ್ದೇನೆ. ಲೇಬಲ್ ಪ್ರಿಂಟರ್‌ಗೆ ಅರ್ಜಿ ಹಾಕಿದೆ. ಓಪನ್‌ಸ್ಪೆಸಿಮನ್ ಅನ್ನು ಹಳೆಯ ಕಂಪ್ಯೂಟರಿನಲ್ಲಿ ಪ್ರಯೋಗಕ್ಕೆ ಹಾಕಿಸಿ, ಹೊಸದಾಗಿ ಬರುವ ರೋಗಿಗಳನ್ನು ಮಾತ್ರ ಸೇರಿಸುತ್ತೇವೆ. ಹಳೆಯ 9 ಬಾಕ್ಸ್‌ಗಳನ್ನು ವಾರಕ್ಕೊಂದರಂತೆ, ಕರಗದ ಹಾಗೆ ಡ್ರೈ ಐಸ್ ಮೇಲಿಟ್ಟು ಎಣಿಸುತ್ತೇವೆ. ಸೋಮವಾರ 1ನೇ ಬಾಕ್ಸ್.