ಪದಚರ್ಚೆ: ‘ಪ್ರಮುಖ ಕಾರಣ’ ಮತ್ತು ‘ಮೂಲ ಕಾರಣ’ – ದಕ್ಷಿಣ ಆಫ್ರಿಕಾದ ಸಾವಿನ ಲೆಕ್ಕ ಕನ್ನಡಕ್ಕೆ ಬರುವಾಗ

ಪ್ರಶ್ನೆ:
ದಕ್ಷಿಣ ಆಫ್ರಿಕಾದಲ್ಲಿ 2016ರಲ್ಲಿ ದಾಖಲಾದ ಸಾವುಗಳ ಬಗ್ಗೆ ಅಲ್ಲಿನ ಅಂಕಿಅಂಶ ಸಂಸ್ಥೆ ಸ್ಟ್ಯಾಟ್ಸ್ ಎಸ್‌ಎ ಪ್ರಕಟಿಸಿದ ವರದಿಯನ್ನು ಆಧರಿಸಿದ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ‘ಲೀಡಿಂಗ್ ಕಾಸ್’, ‘ಅಂಡರ್‌ಲೈಯಿಂಗ್ ಕಾಸ್’ ಎರಡಕ್ಕೂ ಕರಡಿನಲ್ಲಿ ‘ಮುಖ್ಯ ಕಾರಣ’ ಎಂದೇ ಇದೆ. ‘ನಾನ್‌ನ್ಯಾಚುರಲ್’ ಎಂಬುದಕ್ಕೆ ‘ಅಸಹಜ’, ‘ಸೆರೆಬ್ರೊವ್ಯಾಸ್ಕ್ಯುಲರ್ ಡಿಸೀಸ್’ ಎಂಬುದಕ್ಕೆ ‘ಪಾರ್ಶ್ವವಾಯು’ ಎಂದು ಹಾಕಲಾಗಿದೆ. ಇವು ಸರಿಯೇ? ಇನ್ನೊಂದು ಗೊಂದಲ: ಈ ವರದಿಯಲ್ಲಿ ಎಚ್‌ಐವಿಗೆ ಐದನೇ ಸ್ಥಾನ, ಬೇರೊಂದು ಅಧ್ಯಯನದಲ್ಲಿ ಮೊದಲ ಸ್ಥಾನ. ತಪ್ಪು ಅನುವಾದದಲ್ಲಿದೆಯೇ?

ಉತ್ತರ 1:
‘ಮುಖ್ಯ ಕಾರಣ’ವನ್ನು ಎರಡೂ ಕಡೆ ಹಾಕಿದರೆ ಲೇಖನದ ಬುಡವೇ ಅಲ್ಲಾಡುತ್ತದೆ. ಒಬ್ಬ ಮನುಷ್ಯನ ಸಾವಿನ ಬಗ್ಗೆ ಹೇಳುವ ‘ಅಂಡರ್‌ಲೈಯಿಂಗ್ ಕಾಸ್’ಗೆ ‘ಮೂಲ ಕಾರಣ’ ಎನ್ನಿ. ಹಾಗೆ ಗುರುತಿಸಿದ ಮೂಲ ಕಾರಣಗಳನ್ನೆಲ್ಲ ಎಣಿಸಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲು ಮಾಡಿದಾಗ ಮೇಲೆ ನಿಲ್ಲುವವು ‘ಪ್ರಮುಖ ಕಾರಣಗಳು’, ಅಂದರೆ ‘ಲೀಡಿಂಗ್ ಕಾಸ್’. ಅಂದರೆ ‘ಪ್ರಮುಖ’ ಎನ್ನುವುದು ಪಟ್ಟಿಯ ಮಾತು, ರೋಗಿಯ ಮಾತಲ್ಲ.

ಪದ ಯಾಕೆ ‘ಮೂಲ’ವೇ ಆಗಬೇಕು ಎಂಬುದು ಅಲ್ಲಿನ ವೈದ್ಯರು ಸಾವಿನ ಕಾರಣ ತುಂಬುವ ನಮೂನೆ ನೋಡಿದರೆ ತಿಳಿಯುತ್ತದೆ. ಮೊದಲ ಭಾಗದಲ್ಲಿ ಎ, ಬಿ, ಸಿ ಎಂದು ಒಂದರ ಕೆಳಗೊಂದು ಸಾಲುಗಳಿರುತ್ತವೆ. ‘ಎ’ಯಲ್ಲಿ ಕೊನೆಗೆ ಪ್ರಾಣ ತೆಗೆದದ್ದು, ಅದರ ಕೆಳಗೆ ಅದಕ್ಕೆ ಕಾರಣವಾದದ್ದು, ಅದರ ಕೆಳಗೆ ಅದಕ್ಕೂ ಕಾರಣವಾದದ್ದು. ಸರಿಯಾಗಿ ತುಂಬಿದ್ದರೆ ಎಲ್ಲಕ್ಕಿಂತ ಕೆಳಗಿನ ಸಾಲೇ ಮೂಲ ಕಾರಣ. ಕರ್ನಾಟಕದ ಆಸ್ಪತ್ರೆಗಳಲ್ಲಿ ತುಂಬುವ ನಮೂನೆ 4ರದೂ ಇದೇ ಜೋಡಣೆ, ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಮಾದರಿಯಿಂದ ಬಂದವು. ‘ಅಂತರ್ಗತ ಕಾರಣ’ ಎಂದು ಕೆಲವರು ಬರೆಯುವುದುಂಟು. ಅದು ಒಳಗೊಂಡಿರುವುದು ಎಂಬ ಅರ್ಥ ಕೊಡುತ್ತದೆಯೇ ಹೊರತು ಶುರುವಾದದ್ದು ಎಲ್ಲಿಂದ ಎಂದು ಹೇಳುವುದಿಲ್ಲ. ಎರಡನೇ ಭಾಗದಲ್ಲಿ ಬರೆಯುವ, ಸರಪಳಿಗೆ ಸೇರದ ಆದರೆ ಸಾವಿಗೆ ಕೈಜೋಡಿಸಿದ ಕಾಯಿಲೆಗಳಿಗೆ ‘ಜೊತೆ ಕಾರಣ’ ಸಾಕು. ‘ಸಹಕಾರಿ ಕಾರಣ’ ಬೇಡ, ನಮ್ಮಲ್ಲಿ ಸಹಕಾರಿ ಎಂದರೆ ಸೊಸೈಟಿ, ಬ್ಯಾಂಕು.

ಈಗ ಎಚ್‌ಐವಿ ವಿಷಯ. ಎ: ಉಸಿರಾಟದ ವೈಫಲ್ಯ. ಬಿ: ಶ್ವಾಸಕೋಶದ ಕ್ಷಯ. ಸಿ: ಎಚ್‌ಐವಿ. ಹೀಗೆ ಬರೆದಿದ್ದರೆ ಐಸಿಡಿ-10 (ಕಾಯಿಲೆಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿ) ಪ್ರಕಾರ ಈ ಸಾವಿನ ಸಂಕೇತ ಬಿ20.0, ಎಣಿಕೆ ಎಚ್‌ಐವಿ ಖಾತೆಗೆ. ‘ಸಿ’ ಸಾಲನ್ನು ಖಾಲಿ ಬಿಟ್ಟರೆ ಅದೇ ಸಾವು ಎ15ರಿಂದ ಎ19ರ ಕ್ಷಯದ ಗುಂಪಿಗೆ ಹೋಗುತ್ತದೆ. ಕಳಂಕದ ಭಯ, ವಿಮೆಯ ಹಣ ಕೈತಪ್ಪುವ ಆತಂಕ, ಪರೀಕ್ಷೆಯೇ ಆಗದಿರುವುದು – ಇಂಥ ಕಾರಣಗಳಿಂದ ಆ ಸಾಲು ಖಾಲಿ ಉಳಿಯುತ್ತದೆ. ಕೆಲವು ವೈದ್ಯರು ‘ರೆಟ್ರೊವೈರಲ್ ಡಿಸೀಸ್’ ಎಂದೋ ‘ರೋಗನಿರೋಧಕ ಶಕ್ತಿ ಕುಂದಿದೆ’ ಎಂದೋ ಸುತ್ತಿಬಳಸಿ ಬರೆಯುತ್ತಾರೆ. ಎರಡನೆಯದನ್ನು ಓದಿದ ಸಂಕೇತಕಾರರಿಗೆ (ನಮೂನೆ ನೋಡಿ ಸಂಕೇತ ಹಾಕುವವರಿಗೆ) ಅದು ಎಚ್‌ಐವಿ ಎಂದು ಊಹಿಸುವ ಅಧಿಕಾರವಿಲ್ಲ.

ಹಾಗಾಗಿ 2016ರ ದಾಖಲೆಯಲ್ಲಿ ಒಟ್ಟು 4,56,612 ಸಾವುಗಳ ಪೈಕಿ ಕ್ಷಯ 29,513 (ಶೇ 6.5), ಮಧುಮೇಹ 25,255 (ಶೇ 5.5), ‘ಇತರ ಬಗೆಯ ಹೃದ್ರೋಗ’ 23,515, ಮಿದುಳಿನ ರಕ್ತನಾಳದ ಕಾಯಿಲೆ 23,137, ಆಮೇಲೆ ಎಚ್‌ಐವಿ 21,830 (ಶೇ 4.8). ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದ ರೋಗಹೊರೆ ಅಧ್ಯಯನ ಈ ತಪ್ಪು ವರ್ಗೀಕರಣವನ್ನು ಸರಿಪಡಿಸಿ ಲೆಕ್ಕ ಹಾಕಿದಾಗ, 2012ರ ಸಾವುಗಳಲ್ಲಿ ಎಚ್‌ಐವಿ ಪಾಲು ಶೇ 29.1 ಎಂದು ಬಂತು. ವರ್ಷ ಬೇರೆ ಎಂಬುದು ನಿಜ, ಆದರೆ ಅಂತರದ ಬಹುಪಾಲು ವರ್ಷದ್ದಲ್ಲ, ಆ ಖಾಲಿ ಸಾಲಿನದು. ಅನುವಾದದಲ್ಲಿ ಮೊದಲನೆಯದಕ್ಕೆ ‘ದಾಖಲಾದ ಸಾವು’, ಎರಡನೆಯದಕ್ಕೆ ‘ಅಂದಾಜು ಸಾವು’ ಎಂದು ಪ್ರತಿ ಸಲವೂ ಬರೆಯಿರಿ. ‘ದಾಖಲಾದ’ ಎಂಬುದನ್ನು ಪದ ಹೆಚ್ಚಾಯಿತೆಂದು ಸಂಪಾದಕರು ಹೊಡೆದುಹಾಕುವ ಸಂಭವ ಜಾಸ್ತಿ, ಬಿಡಬೇಡಿ.

ಶೇ 6.5 ಎಂಬುದು ಪಾಲು, ಪ್ರಮಾಣವಲ್ಲ. ‘ಕ್ಷಯದ ಮರಣ ಪ್ರಮಾಣ ಶೇ 6.5’ ಎಂದು ಬರೆದರೆ ನೂರು ರೋಗಿಗಳಲ್ಲಿ ಆರೇಳು ಜನ ಸತ್ತರು ಎಂದಾಗುತ್ತದೆ. ಮರಣ ಪ್ರಮಾಣವೇ ಬೇಕೆಂದರೆ ಜನಸಂಖ್ಯೆಯಿಂದ ಭಾಗಿಸಬೇಕು: ಆಗಿನ ಸುಮಾರು 5.6 ಕೋಟಿ ಜನಕ್ಕೆ ಲಕ್ಷಕ್ಕೆ 53ರ ಆಸುಪಾಸು.

ಉತ್ತರ 2:
ಮೇಲಿನದನ್ನು ಒಪ್ಪುತ್ತೇನೆ. ‘ಅಸಹಜ’ದ ಬಗ್ಗೆ ನನ್ನ ತಕರಾರಿದೆ. ಕರ್ನಾಟಕದ ಪತ್ರಿಕೆ ಓದುವವರಿಗೆ ‘ಅಸಹಜ ಸಾವು’ ಎಂದರೆ ಪೊಲೀಸ್ ಠಾಣೆಯ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ನೇಣು, ವಿಷ, ಬಾವಿಗೆ ಬಿದ್ದದ್ದು ಅದರಲ್ಲಿ ಬರುತ್ತವೆ; ಕೊಲೆಯೆಂದು ಗೊತ್ತಾದರೆ ಬೇರೆ ಎಫ್‌ಐಆರ್. ದಕ್ಷಿಣ ಆಫ್ರಿಕಾದ ವರ್ಗದಲ್ಲಾದರೋ ಕೊಲೆ, ರಸ್ತೆ ಅಪಘಾತ, ಆತ್ಮಹತ್ಯೆ, ಮುಳುಗುವಿಕೆ ಎಲ್ಲವೂ ಸೇರಿವೆ. 2016ರಲ್ಲಿ ಅದರ ಪಾಲು ಶೇ 11.2. ಆದ್ದರಿಂದ ‘ಬಾಹ್ಯ ಕಾರಣದ ಸಾವು’ ಎಂದು ಬರೆದು, ಮೊದಲ ಬಾರಿ ಬಂದಾಗ ಒಳಗೇನಿದೆ ಎಂದು ಹೇಳಿಬಿಡಿ.

ಆ ವರ್ಗದ ಒಳಗಿನ ಹಂಚಿಕೆಯನ್ನು ಮಾತ್ರ ಎಚ್ಚರಿಕೆಯಿಂದ ಅನುವಾದಿಸಿ. ಇಂಥ ಸಾವುಗಳ ತನಿಖೆ ಅಲ್ಲಿನ 1959ರ ಇನ್‌ಕ್ವೆಸ್ಟ್ಸ್ (ಸಾವಿನ ವಿಚಾರಣೆ) ಕಾಯ್ದೆಯಡಿ ನಡೆಯುತ್ತದೆ. ಸಾವು ಕೊಲೆಯೋ ಆತ್ಮಹತ್ಯೆಯೋ ಎಂದು ತೀರ್ಮಾನವಾಗುವ ಮೊದಲೇ ನಮೂನೆ ಗೃಹ ಇಲಾಖೆ ಸೇರಿರುತ್ತದೆ. ಗುಂಡೇಟು ಎಂದಷ್ಟೇ ಬರೆದಿದ್ದರೆ ಹೊಡೆದವರು ಯಾರು ಎಂಬುದು ಸಂಕೇತಕ್ಕೆ ದಕ್ಕುವುದಿಲ್ಲ, ಬಹಳಷ್ಟು ‘ಇತರ ಆಕಸ್ಮಿಕ ಗಾಯ’ಗಳ ಗುಂಪಿಗೆ ಬೀಳುತ್ತವೆ. ಅದನ್ನು ‘ಅಪಘಾತದಲ್ಲಿ ಸತ್ತವರು’ ಎಂದರೆ ಓದುಗರು ಬಸ್ಸು ಲಾರಿ ಎಂದುಕೊಳ್ಳುತ್ತಾರೆ.

‘ಪಾರ್ಶ್ವವಾಯು’ ಪೂರ್ತಿ ತಪ್ಪಲ್ಲ, ಆರೋಗ್ಯ ಇಲಾಖೆಯ ಕರಪತ್ರಗಳಲ್ಲೂ ಇದೆ. ಆದರೆ ಅದು, ಲಕ್ವದ ಹಾಗೆಯೇ, ಮೈಯ ಒಂದು ಬದಿ ಬಿದ್ದುಹೋಗುವುದನ್ನು ಹೇಳುವ ಪದ. ಸೆರೆಬ್ರೊವ್ಯಾಸ್ಕ್ಯುಲರ್ ಕಾಯಿಲೆಗಳ ಐ60ರಿಂದ ಐ69ರ ಗುಂಪಿನಲ್ಲಿ ಮಿದುಳಲ್ಲಿ ರಕ್ತ ಸೋರಿ, ಕೈಕಾಲು ಬೀಳುವಷ್ಟು ಹೊತ್ತೂ ಇಲ್ಲದೆ ಸತ್ತವರೂ ಇರುತ್ತಾರೆ. ಪಟ್ಟಿಯಲ್ಲಿ ‘ಮಿದುಳಿನ ರಕ್ತನಾಳದ ಕಾಯಿಲೆ’, ಬರಹದ ನಡುವೆ ಬೇಕಾದರೆ ‘ಪಾರ್ಶ್ವವಾಯು’.

ಯಾರೂ ಕೇಳದಿದ್ದರೂ ಹೇಳುತ್ತೇನೆ: ‘ಇತರ ಬಗೆಯ ಹೃದ್ರೋಗ’ವನ್ನು ‘ಹೃದಯಾಘಾತ’ ಮಾಡಬೇಡಿ. ಹೃದಯಾಘಾತ ಇರುವುದು ಐ20–ಐ25ರ ಗುಂಪಿನಲ್ಲಿ. ಇದು ಐ30–ಐ52: ಹೃದಯ ವೈಫಲ್ಯ, ಹೃದಯ ಸ್ನಾಯುವಿನ ಕಾಯಿಲೆ, ಬಡಿತದ ಏರುಪೇರು, ಮತ್ತು ವೈದ್ಯರು ಬೇರೇನೂ ತೋಚದೆ ಬರೆದ ‘ಹೃದಯ ಸ್ತಂಭನ’. ಕೊನೆಯದು ಕಾರಣವೇ ಅಲ್ಲ. ಯಾವ ಕಾಯಿಲೆಯಿಂದ ಸತ್ತರೂ ಹೃದಯ ನಿಲ್ಲುತ್ತದೆ.

ಹೃದಯ ಮತ್ತು ರಕ್ತನಾಳದ ಕಾಯಿಲೆಗಳನ್ನು ಹೀಗೆ ಹೋಳು ಮಾಡಿರುವುದರಿಂದಲೇ ಕ್ಷಯ ಮೊದಲ ಸ್ಥಾನದಲ್ಲಿದೆ. ‘ಇತರ ಬಗೆಯ ಹೃದ್ರೋಗ’, ಮಿದುಳಿನ ರಕ್ತನಾಳದ ಕಾಯಿಲೆ ಈ ಎರಡೇ ಗುಂಪು ಕೂಡಿಸಿದರೂ 46,652, ಕ್ಷಯಕ್ಕಿಂತ ಒಂದೂವರೆ ಪಟ್ಟು. ಇನ್ನು ಹೆಂಗಸರನ್ನಷ್ಟೇ ತೆಗೆದುಕೊಂಡರೆ ಆ ವರ್ಷ ಮೊದಲ ಸ್ಥಾನ ಮಧುಮೇಹಕ್ಕೆ, ಗಂಡಸರಲ್ಲಿ ಕ್ಷಯಕ್ಕೆ. ಕೋಷ್ಟಕದ ತಲೆಬರಹ ಹೀಗಿರಲಿ: ‘ದಕ್ಷಿಣ ಆಫ್ರಿಕಾ, 2016: ದಾಖಲಾದ ಸಾವುಗಳ ಮೂಲ ಕಾರಣಗಳಲ್ಲಿ ಮೊದಲ ಐದು, ಐಸಿಡಿ-10 ಗುಂಪುಗಳ ಪ್ರಕಾರ’. ಉದ್ದವಾಯಿತು ಎನಿಸಿದರೆ ‘ದಕ್ಷಿಣ ಆಫ್ರಿಕಾ’ವನ್ನು ಲೇಖನದ ಶೀರ್ಷಿಕೆಗೆ ಬಿಡಿ, ಉಳಿದದ್ದನ್ನು ಮುಟ್ಟಬೇಡಿ.