ಎಡಗೈಗೆ ಬಲವಿಲ್ಲದ ದೊಡ್ಡಪ್ಪನವರಿಗೆ ಕಚ್ಚೆ ಧೋತರ, ನೆಹರು ಅಂಗಿ: ದಯವಿಟ್ಟು ಸಲಹೆ ಕೊಡಿ

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರಿಗೆ ಈಗ 82 ವರ್ಷ. ಸವಣೂರು ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು, ಕಳೆದ ವರ್ಷ ಲಕ್ವ ಹೊಡೆದ ಮೇಲೆ ನಮ್ಮ ಮನೆಯಲ್ಲಿಯೇ ಇದ್ದಾರೆ. ಮಾತು ಸ್ಪಷ್ಟವಾಗಿದೆ, ಕೋಲು ಹಿಡಿದು ನಡೆಯುತ್ತಾರೆ, ಆದರೆ ಎಡಗೈಯಲ್ಲಿ ಹಿಡಿತವಿಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ, ಆರೈಕೆಗೆ ಅನುಕೂಲವೆಂದು, ಅವರಿಗೆ ಪೈಜಾಮ ಹಾಕುತ್ತಿದ್ದೇವೆ. ಬೇಡವೆಂದು ಅವರು ಒಮ್ಮೆಯೂ ಅನ್ನಲಿಲ್ಲ. ಆದರೆ ಊರಿನಿಂದ ಯಾರಾದರೂ ಮಾತನಾಡಿಸಲು ಬಂದರೆ ಹೊದಿಕೆಯನ್ನು ಕಾಲ ಮೇಲೆ ಎಳೆದುಕೊಂಡು ಕುಳಿತುಬಿಡುತ್ತಾರೆ. ಅದರ ಕಾರಣ ನನಗೆ ತಡವಾಗಿ ತಿಳಿಯಿತು.

ಮುಂದಿನ ತಿಂಗಳು ಅವರ ಮೊಮ್ಮಗಳ ಮದುವೆ ಇದೆ. ಅಂದು ಅವರು ಮೊದಲಿನಂತೆ ಧೋತರ, ನೆಹರು ಅಂಗಿ, ರುಮಾಲು, ಹೆಗಲ ಮೇಲೊಂದು ವಲ್ಲಿ ಹಾಕಿಕೊಂಡು ಹಂದರದಲ್ಲಿ ಕೂಡಬೇಕೆಂಬುದು ನನ್ನ ಆಸೆ. ಒಂದು ಅಂಗಡಿಯಿಂದ ಹೊಲಿದ ಧೋತರ ತಂದು ಉಡಿಸಿ ನೋಡಿದೆವು. ಅದರ ಸೊಂಟ ಎರಡು ಹೆಜ್ಜೆ ಇಡುವಷ್ಟರಲ್ಲಿ ಜಾರಿ, ಅಂಚು ಕಾಲಿಗೆ ತೊಡರಿ, ಅವರು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಉಳಿದ ಕಡೆ ತೋರಿಸಿದ್ದು ಜರಿಯಂಚಿನ ಸುತ್ತು ಪಂಚೆಗಳನ್ನು. ಅದನ್ನು ಅವರು ಎಂದೂ ಉಟ್ಟವರಲ್ಲ. ಎಷ್ಟು ಉದ್ದದ, ಯಾವ ಬಟ್ಟೆಯ ಧೋತರ ತರಬೇಕು, ಹೊಲಿಸಿದರೆ ಹೇಗೆ ಹೊಲಿಸಬೇಕು, ಅಂಗಿಯನ್ನು ಅವರ ಕೈಗೆ ಹೊಂದುವಂತೆ ಮಾಡುವುದು ಹೇಗೆ ಎಂಬುದನ್ನು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಧಾರವಾಡದಿಂದ)

ಮೊದಲು ದೊಡ್ಡಪ್ಪನವರನ್ನೇ ಕೇಳಿರಿ, ಎಷ್ಟು ಮೊಳದ ಧೋತರ ಉಡುತ್ತಿದ್ದರು ಎಂದು. ಆ ವಯಸ್ಸಿನವರಿಗೆ ಮೀಟರಿಗಿಂತ ಮೊಳದ ಲೆಕ್ಕ ಚೆನ್ನಾಗಿ ನೆನಪಿರುತ್ತದೆ. ಎರಡು ಮೊಳಕ್ಕೆ ಒಂದು ವಾರ (ಗಜ), ಅಂದರೆ 36 ಇಂಚು. ಹೀಗಾಗಿ ಎಂಟು ಮೊಳದ ಧೋತರ ಸುಮಾರು 3.66 ಮೀಟರ್, ಒಂಬತ್ತು ಮೊಳದ್ದು 4.1 ಮೀಟರ್ ಆಗುತ್ತದೆ. ನಿಮಗೆ ಅಂಗಡಿಯಲ್ಲಿ ತೋರಿಸಿದ ಒಂಟಿ ಪಂಚೆ ಎರಡು ಮೀಟರಿನ ಆಸುಪಾಸು ಇರುವುದರಿಂದ ಅದರಲ್ಲಿ ಕಚ್ಚೆ ಹಾಕಲು ಬರುವುದೇ ಇಲ್ಲ. ಉದ್ದದಷ್ಟೇ ಅಗಲವನ್ನೂ ನೋಡಬೇಕು. ಕಾಯಿಲೆಯಲ್ಲಿ ಬೆನ್ನು ಬಾಗಿದವರಿಗೆ ಹಳೆಯ ಅಳತೆಯ ಧೋತರ ನೆಲಕ್ಕೆ ತಾಗುತ್ತದೆ. ಅವರನ್ನು ಕೋಲು ಹಿಡಿದು ನಿಲ್ಲಿಸಿ, ಹೊಕ್ಕುಳಿನಿಂದ ಕಾಲಿನ ಗಿಣ್ಣಿನವರೆಗೆ ಅಳೆದುಕೊಂಡು ಹೋಗಿರಿ. ಉಟ್ಟಾಗ ಅಂಚು ಗಿಣ್ಣಿಗಿಂತ ಎರಡು ಬೆರಳು ಮೇಲೆಯೇ ಇರಲಿ.

ಬಟ್ಟೆ ಹತ್ತಿಯದ್ದೇ ಇರಬೇಕು. ಪಾಲಿಯೆಸ್ಟರ್ ಬೆರೆತದ್ದು ಇಸ್ತ್ರಿ ಕೆಡುವುದಿಲ್ಲವೆಂದು ಅಂಗಡಿಯವರು ಹೇಳುತ್ತಾರೆ, ಆದರೆ ಅದರ ಗಂಟು ನಿಲ್ಲುವುದಿಲ್ಲ, ನಿರಿಗೆ ಜಾರುತ್ತದೆ. ನೂಲಿನ ಕೌಂಟ್ ಕೇಳಿರಿ; ಸಂಖ್ಯೆ ಹೆಚ್ಚಿದಷ್ಟೂ ಎಳೆ ಸಣ್ಣ, ಬಟ್ಟೆ ಹಗುರ. 40 ಕೌಂಟಿನದು ಹೊಲಕ್ಕೆ ಹೋಗುವವರಿಗೆ ಚೆಂದ, ನಿಮ್ಮ ದೊಡ್ಡಪ್ಪನವರಿಗೆ 80 ಅಥವಾ 100 ಕೌಂಟಿನದು ಒಳ್ಳೆಯದು. ಖಾದಿ ಎಂದಕೂಡಲೇ ನಮ್ಮ ಕಡೆಯವರಿಗೆ 1957ರಲ್ಲಿ ಆರಂಭವಾದ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘವೂ ಧಾರವಾಡದ ಹತ್ತಿರದ ಗರಗದ ರಾಷ್ಟ್ರಧ್ವಜದ ಬಟ್ಟೆಯೂ ನೆನಪಾಗುವುದು ಸಹಜ. ಆದರೆ ಧ್ವಜಕ್ಕೆ ನೇಯುವ ದಪ್ಪ ಖಾದಿ ಬೇರೆ, ಉಡುವ ಸಣ್ಣೆಳೆಯ ಖಾದಿ ಬೇರೆ. ಭಂಡಾರದಲ್ಲಿ ಸಣ್ಣೆಳೆಯದನ್ನೇ ಕೇಳಿ, ಕೈಯಲ್ಲಿ ಹಿಡಿದು ತೂಕ ನೋಡಿ ಆರಿಸಿರಿ.

ಉತ್ತರ 2 (ಬೆಟಗೇರಿಯಿಂದ)

ನಮ್ಮ ಮಾವನವರಿಗೂ ಲಕ್ವ ಆಗಿತ್ತು. ಅವರು ತೀರಿಕೊಳ್ಳುವವರೆಗೆ ನಾಲ್ಕು ವರ್ಷ ಧೋತರವನ್ನೇ ಉಟ್ಟರು. ಹೊಲಿದದ್ದು ಎಂದು ಬಂದವರಿಗೆ ಗೊತ್ತಾಗುತ್ತಿರಲಿಲ್ಲ. ಹೇಗೆ ಮಾಡಿದೆವೆಂದು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನು ಟೇಲರ್‌ಗೆ ಬಿಡಿಸಿ ಹೇಳದಿದ್ದರೆ ಅವರು ಪೈಜಾಮದಂತೆಯೇ ಹೊಲಿದು ಕೊಡುತ್ತಾರೆ.

ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಹೊಲಿಯಲು ಕೊಡಿರಿ, ಇಲ್ಲವಾದರೆ ಮೊದಲ ಒಗೆತಕ್ಕೆ ಗಿಡ್ಡವಾಗುತ್ತದೆ. ಲಾಡಿ ಬೇಡ, ಒಂದೇ ಕೈಯಲ್ಲಿ ಅದನ್ನು ಕಟ್ಟಲು ಆಗುವುದಿಲ್ಲ. ಸುತ್ತಲೂ ಇಲಾಸ್ಟಿಕ್ ಹಾಕಿದರೆ ನಿಮಗಾದಂತೆಯೇ ಜಾರುತ್ತದೆ. ಮುಂದೆ ಗಟ್ಟಿ ಪಟ್ಟಿ ಮತ್ತು ದೊಡ್ಡ ಹುಕ್ಕು, ಹಿಂದೆ ಮಾತ್ರ ಅಗಲವಾದ ಇಲಾಸ್ಟಿಕ್ ಇರಲಿ. ನಿರಿಗೆಗಳನ್ನು ದೊಡ್ಡಪ್ಪನವರ ಕಣ್ಣೆದುರಿಗೇ ಹಿಡಿದು, ಅವರು ಒಪ್ಪಿದ ಮೇಲೆ ಪಟ್ಟಿಗೆ ಹೊಲಿಸಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಂದಿನ ಕಚ್ಚೆ. ಅದನ್ನು ಪೂರ್ತಿ ಹೊಲಿದುಬಿಟ್ಟರೆ ಶೌಚಕ್ಕೆ ಹೋದಾಗ ಪ್ರತಿ ಸಲವೂ ಎಲ್ಲವನ್ನೂ ಕಳಚಬೇಕಾಗುತ್ತದೆ. ಆ ಸಂಕೋಚಕ್ಕೆ ನಮ್ಮ ಮಾವನವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಆಮೇಲೆ ಕಚ್ಚೆಯ ತುದಿಗೆ ಎರಡು ಇಂಚು ಅಗಲದ ವೆಲ್ಕ್ರೋ ಹಚ್ಚಿಸಿ, ಬೆನ್ನಿನ ನಟ್ಟನಡುವೆ ಅಲ್ಲದೆ ಸ್ವಲ್ಪ ಬಲಕ್ಕೆ, ಅವರ ಬಲಗೈಗೆ ಸಿಗುವಲ್ಲಿ ಕೂಡಿಸಿದೆವು. ಬಿಚ್ಚುವುದನ್ನೂ ಹಚ್ಚುವುದನ್ನೂ ಅವರೇ ಮಾಡಿಕೊಳ್ಳತೊಡಗಿದರು. ಒಗೆಯುವಾಗ ವೆಲ್ಕ್ರೋ ಮುಚ್ಚಿಡಿರಿ, ದಾರ ತುಂಬಿಕೊಂಡರೆ ಅದು ಹಿಡಿಯುವುದಿಲ್ಲ.

ನೆಹರು ಅಂಗಿಯ ಗುಂಡಿಪಟ್ಟಿ ಎದೆಯವರೆಗಷ್ಟೇ ಇರುತ್ತದೆ, ತಲೆಯಿಂದಲೇ ಹಾಕಬೇಕು. ಅದನ್ನು ಕೆಳಗಿನವರೆಗೂ ತೆರೆಯಿಸಿ ಒಳಗೆ ಟಿಚ್ ಬಟನ್ ಹಚ್ಚಿಸಿ, ಮೇಲೆ ತೋರಿಕೆಗೆ ಗುಂಡಿ ಇರಲಿ. ಎಡ ಬಗಲನ್ನು ಒಂದೆರಡು ಇಂಚು ಸಡಿಲ ಮಾಡಿಸಿ. ಹಾಕುವಾಗ ಬಲವಿಲ್ಲದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಬಲಗಡೆಯ ಬಗಲ ಕಿಸೆ ಮಾತ್ರ ಆಳವಾಗಿರಲಿ. ಎಲೆ ಅಡಿಕೆಯ ಚಂಚಿ ಇಟ್ಟುಕೊಳ್ಳುವ ಹಿರಿಯರಿಗೆ ಕಿಸೆಯಿಲ್ಲದ ಅಂಗಿ ಅಂಗಿಯೇ ಅಲ್ಲ.

ಉತ್ತರ 3 (ಹಾವೇರಿಯಿಂದ, ನಿವೃತ್ತ ಮಾಸ್ತರ)

ಬೆಟಗೇರಿಯ ತಂಗಿ ಬರೆದದ್ದು ದಿನನಿತ್ಯಕ್ಕೆ ಪೂರ್ತಿ ಸರಿ. ಆದರೆ ಮದುವೆಯ ದಿನ ಹೊಲಿದದ್ದು ಬೇಡವೆಂದು ನನ್ನ ಅಭಿಪ್ರಾಯ. ಅರವತ್ತು ವರ್ಷ ತನ್ನ ಕೈಯಿಂದ ಧೋತರ ಉಟ್ಟವನಿಗೆ ಸೊಂಟದ ಗಂಟಿನ ಬಿಗಿಯೇ ಒಂದು ಧೈರ್ಯ. ಅಕ್ಷತೆಯ ಹೊತ್ತಿಗೆ ಎರಡು ತಾಸು ಮುಂಚೆ, ಅವರ ಓರಿಗೆಯವರು ಯಾರಾದರೂ ಉಡಿಸಲಿ. ಗೋಡೆಗೆ ಬಲಗೈ ಆನಿಸಿ ನಿಲ್ಲಿಸಿ ಉಡಿಸಿದರೆ ಐದು ನಿಮಿಷದ ಕೆಲಸ. ಮಕ್ಕಳು ಉಡಿಸುವುದಕ್ಕಿಂತ ಗೆಳೆಯ ಉಡಿಸಿದರೆ ಅವರಿಗೂ ಸಂಕೋಚವಿರುವುದಿಲ್ಲ.

ರುಮಾಲಿನ ಬಗ್ಗೆ ಯಾರೂ ಬರೆಯಲಿಲ್ಲ. ಲಕ್ವ ಆದವರ ಕತ್ತಿಗೆ ದೊಡ್ಡ ರುಮಾಲು ಭಾರವಾಗುತ್ತದೆ. ತೆಳುವಾದ ಹತ್ತಿಯದನ್ನು ಹಿಂದಿನ ದಿನವೇ ಅವರ ತಲೆಗೆ ಸುತ್ತಿ, ಮೆಲ್ಲಗೆ ಟೋಪಿಯಂತೆ ಎತ್ತಿ, ಒಳಗಿನ ಮಡಿಕೆಗಳಿಗೆ ನಾಲ್ಕಾರು ಕಡೆ ಸೂಜಿದಾರದ ಹೊಲಿಗೆ ಹಾಕಿಡಿರಿ. ಮರುದಿನ ಒಂದೇ ಕೈಯಿಂದ ಅವರೇ ಇಟ್ಟುಕೊಳ್ಳಬಹುದು. ಬೇರೆಯವರ ತಲೆಗೆ ಸುತ್ತಿ ತಂದದ್ದು ಸರಿಯಾಗಿ ಕೂಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ರಾತ್ರಿ ಊಟವಾದ ಮೇಲೆ ದೊಡ್ಡಪ್ಪನವರನ್ನು ಕೇಳಿದೆ. "ಒಂಬತ್ತು ಮೊಳ. ಎಂಟು ಮೊಳದ್ದು ಹುಡುಗರಿಗೆ" ಎಂದರು. ಆಮೇಲೆ ರುಮಾಲಿನ ಬಣ್ಣವನ್ನು ನಾನು ಕೇಳುವ ಮೊದಲೇ ಗುಲಾಬಿ ಎಂದು ಹೇಳಿದರು. ಮನೆಯಲ್ಲಿ ಉಡಲು ವೆಲ್ಕ್ರೋ ಹಚ್ಚಿಸಿದ ಎರಡು ಧೋತರ ಹೊಲಿಸುತ್ತೇನೆ. ಮದುವೆಗೆ ಹೊಲಿಯದ ಒಂಬತ್ತು ಮೊಳದ್ದೇ ಇರಲಿ. ಊರಿನ ಅವರ ಗೆಳೆಯರು ಹಿಂದಿನ ದಿನವೇ ಬಂದು ಉಳಿಯಲು ಒಪ್ಪಿದ್ದಾರೆ. ನಾಳೆ ಜವಳಿ ಸಾಲಿಗೆ ಹೋಗುವಾಗ ದೊಡ್ಡಪ್ಪನವರನ್ನೂ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಬಟ್ಟೆಯನ್ನು ಬಲಗೈಯಿಂದ ಮುಟ್ಟಿ ನೋಡಿ ಅವರೇ ಆರಿಸಲಿ.