ಟ್ಯಾಲಿ ಫೈಲುಗಳೆಲ್ಲ ಲಾಕ್ ಆಗಿವೆ, ಬ್ಯಾಕಪ್ ಡಿಸ್ಕೂ ಹೋಗಿದೆ. ಈಗೇನು ಮಾಡಲಿ?

ಪ್ರಶ್ನೆ (ಹಾರ್ಡ್‌ವೇರ್ ಹೋಲ್‌ಸೇಲ್, ಹುಬ್ಬಳ್ಳಿ):
ಸರ್, ನಮ್ಮದು ಗೋಕುಲ ರೋಡಿನಲ್ಲಿ ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿ. ಐದು ಕಂಪ್ಯೂಟರ್ ಇವೆ, ಅದರಲ್ಲಿ ಒಂದನ್ನೇ ಸರ್ವರ್ ಮಾಡಿಕೊಂಡಿದ್ದೇವೆ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಓಪನ್ ಆಗುತ್ತಿಲ್ಲ. ಎಲ್ಲ ಫೈಲಿನ ಹೆಸರಿನ ಕೊನೆಗೆ ಏನೇನೋ ಅಕ್ಷರ ಅಂಟಿಕೊಂಡಿವೆ. ಡೆಸ್ಕ್‌ಟಾಪಿನಲ್ಲಿ ಒಂದು ಚೀಟಿ: ಬಿಟ್‌ಕಾಯಿನ್ ಕಳಿಸಿದರೆ ಮಾತ್ರ ಡೇಟಾ ವಾಪಸ್ ಅಂತ. ಬ್ಯಾಕಪ್ಪಿಗೆಂದು ಹಾಕಿದ್ದ 1 ಟಿಬಿ ಹಾರ್ಡ್ ಡಿಸ್ಕೂ ಹಾಗೇ ಆಗಿದೆ. ಆ್ಯಂಟಿವೈರಸ್ ದುಡ್ಡು ಕೊಟ್ಟೇ ತಗೊಂಡಿದ್ದೆವು. ನಮ್ಮ ಕಂಪ್ಯೂಟರ್ ಹುಡುಗ ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುತ್ತಿದ್ದಾನೆ. ಸಿಎ ಅವರು ಮನೆಯಿಂದ ನೋಡಲಿ ಅಂತ ರಿಮೋಟ್ ಡೆಸ್ಕ್‌ಟಾಪ್ ಕೊಟ್ಟಿದ್ದೆವು. ಅದರಿಂದ ಆಗಿರಬಹುದಾ?

ಉತ್ತರ:
ಮೊದಲು ಆ ಹುಡುಗನನ್ನು ತಡೆಯಿರಿ. ಫಾರ್ಮ್ಯಾಟ್ ಬೇಡವೇ ಬೇಡ.

ಐದೂ ಕಂಪ್ಯೂಟರಿನ ನೆಟ್‌ವರ್ಕ್ ವೈರ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಬೇರೆ ಪೆನ್‌ಡ್ರೈವ್, ಬೇರೆ ಡಿಸ್ಕ್ ಯಾವುದನ್ನೂ ಅದಕ್ಕೆ ಚುಚ್ಚಬೇಡಿ. ಚೀಟಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಸರ್ವರಿನ ಡಿಸ್ಕನ್ನೇ ಬಿಚ್ಚಿ, ಮೇಲೆ ತಾರೀಕು ಬರೆದು ಬೀರುವಿನಲ್ಲಿಡಿ. ಹೊಸ ಡಿಸ್ಕ್ ಹಾಕಿ ಕೆಲಸ ಶುರು ಮಾಡಿ. ಹಳೆಯದನ್ನು ಯಾಕೆ ಇಡಬೇಕು ಅಂದರೆ, ‘ನೋ ಮೋರ್ ರ್ಯಾನ್ಸಮ್’ ಅಂತ ಒಂದು ಉಚಿತ ತಾಣ ಇದೆ. ಡಚ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಕೆಲವು ಸೆಕ್ಯುರಿಟಿ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಅಲ್ಲಿ ಆ ಚೀಟಿ ಮತ್ತು ಲಾಕ್ ಆದ ಒಂದೆರಡು ಫೈಲು ಹಾಕಿದರೆ ಯಾವ ಜಾತಿಯ ವೈರಸ್, ಲಾಕ್ ತೆಗೆಯುವ ಕೀ ಅದಕ್ಕೆ ಇದೆಯಾ ಅಂತ ಹೇಳುತ್ತದೆ. ಇವತ್ತು ಇಲ್ಲದಿರಬಹುದು. ಕಳ್ಳರ ಗುಂಪು ಸಿಕ್ಕಿಬಿದ್ದ ಮೇಲೆ ಕೀ ಹೊರಗೆ ಬಂದದ್ದೂ ಉಂಟು. ಫಾರ್ಮ್ಯಾಟ್ ಮಾಡಿದರೆ ಆಗ ಕೀ ಸಿಕ್ಕರೂ ಬೀಗವೇ ಇರುವುದಿಲ್ಲ.

ದುಡ್ಡು ಕೊಡಬೇಡಿ ಅಂತಲೇ ನನ್ನ ಅಭಿಪ್ರಾಯ. ಕೊಟ್ಟ ಮೇಲೂ ಕೀ ಬರುತ್ತದೆಂಬ ಖಾತ್ರಿ ಇಲ್ಲ. ‘ನೂರಕ್ಕೆ ನೂರು ರಿಕವರಿ’ ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರವೂ ಹುಷಾರು. ನಿಮ್ಮ ಪರವಾಗಿ ಅದೇ ಕಳ್ಳರಿಗೆ ದುಡ್ಡು ಕಟ್ಟಿ, ಮೇಲೆ ತಮ್ಮ ಲಾಭ ಸೇರಿಸಿ ಬಿಲ್ ಮಾಡುವವರು ಇದ್ದಾರೆ.

ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಇವತ್ತೇ ದೂರು ಹಾಕಿ, ಸೈಬರ್ ಅಪರಾಧ ನೋಡುವ ನಿಮ್ಮೂರಿನ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ಬನ್ನಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಏಪ್ರಿಲ್ 2022ರಲ್ಲಿ ಹೊರಡಿಸಿದ ಸೂಚನೆ ಪ್ರಕಾರ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಅವರಿಗೂ ತಿಳಿಸಬೇಕು. ಒಂದು ಮೇಲ್ ಸಾಕು. ನಮ್ಮದು ಸಣ್ಣ ಅಂಗಡಿ ಅಂತ ಸುಮ್ಮನಿರಬೇಡಿ.

ಇನ್ನು ರಿಮೋಟ್ ಡೆಸ್ಕ್‌ಟಾಪ್. ನನ್ನ ಅನುಮಾನವೂ ಅದರ ಮೇಲೆಯೇ. ರಿಮೋಟ್ ಡೆಸ್ಕ್‌ಟಾಪ್ ಬಳಸುವ ದಾರಿ, ಅಂದರೆ 3389 ಪೋರ್ಟ್, ರೂಟರಿನಲ್ಲಿ ತೆರೆದಿದ್ದರೆ ಅದು ಅಂಗಡಿ ಬಾಗಿಲು ಬೀದಿಗೆ ತೆರೆದ ಹಾಗೆ. ಇಂಟರ್ನೆಟ್ಟಿನಲ್ಲಿ ಇಂಥ ಬಾಗಿಲು ಹುಡುಕುತ್ತಾ, ರಾತ್ರಿಯಿಡೀ ಪಾಸ್‌ವರ್ಡ್ ಬಡಿಯುತ್ತಾ ಇರುವ ಯಂತ್ರಗಳೇ ಇವೆ. ಯಾರೂ ನಿಮ್ಮನ್ನು ಗುರಿ ಇಟ್ಟು ಬಂದಿರುವುದಿಲ್ಲ. ಹಳೆ ಡಿಸ್ಕನ್ನು ತಿಳಿದವರಿಗೆ ಕೊಟ್ಟರೆ ವಿಂಡೋಸ್ ತಾನೇ ಬರೆದಿಡುವ ದಾಖಲೆ, ಅಂದರೆ ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್ ನೋಡುತ್ತಾರೆ. 4625 ಅಂದರೆ ಲಾಗಿನ್ ಸೋತದ್ದು, 4624 ಅಂದರೆ ಗೆದ್ದದ್ದು. ಸಾಲುಸಾಲಾಗಿ 4625 ಬಂದು ಕೊನೆಗೆ ನಡುರಾತ್ರಿಯಲ್ಲಿ ಒಂದು 4624 ಇದ್ದರೆ ಕಥೆ ಅಲ್ಲೇ ಇದೆ. ಕಳ್ಳರು ಲಾಗ್ ಅಳಿಸಿ ಹೋಗಿರಲೂಬಹುದು.

ಆ್ಯಂಟಿವೈರಸ್ಸನ್ನು ಬೈದು ಪ್ರಯೋಜನವಿಲ್ಲ. ಅಡ್ಮಿನ್ ಪಾಸ್‌ವರ್ಡ್ ಹಿಡಿದು ಒಳಗೆ ಬಂದವನು ಮೊದಲು ಮಾಡುವ ಕೆಲಸವೇ ಅದನ್ನು ಆಫ್ ಮಾಡುವುದು. ಆಮೇಲೆ ವಿಂಡೋಸ್ ತಾನೇ ಇಟ್ಟುಕೊಂಡ ಹಳೆ ಪ್ರತಿಗಳನ್ನು ಅಳಿಸುತ್ತಾನೆ. ಆಮೇಲೆ ಕಣ್ಣಿಗೆ ಕಂಡ ಡ್ರೈವನ್ನೆಲ್ಲ ಲಾಕ್ ಮಾಡುತ್ತಾನೆ. ನಿಮಗೆ ಅದು ಬ್ಯಾಕಪ್ ಡಿಸ್ಕ್, ಅವನಿಗೆ ಬರೀ ‘ಇ’ ಡ್ರೈವ್.

ಪ್ರಶ್ನೆ (ಅವರೇ):
ಹಾಗಾದರೆ ಲೆಕ್ಕ ಎಲ್ಲಾ ಹೋಯಿತಾ ಸರ್? ಐದು ವರ್ಷದ್ದು ಇತ್ತು.

ಉತ್ತರ:
ಎಲ್ಲಾ ಹೋಗಿಲ್ಲ, ಹುಡುಕೋಣ. ನಿಮ್ಮ ಸಿಎ ಆಡಿಟ್ಟಿಗೆ ಪ್ರತಿ ವರ್ಷ ಟ್ಯಾಲಿ ಬ್ಯಾಕಪ್ ತಗೊಂಡಿರುತ್ತಾರಲ್ವಾ, ಅವರನ್ನು ಕೇಳಿ. ಹಳೆ ಲ್ಯಾಪ್‌ಟಾಪ್, ಮೇಲ್‌ನಲ್ಲಿ ಕಳಿಸಿದ ಅಟ್ಯಾಚ್‌ಮೆಂಟ್ ನೋಡಿ. ಗೂಗಲ್ ಡ್ರೈವ್‌ಗೆ ಫೋಲ್ಡರ್ ಸಿಂಕ್ ಆಗುತ್ತಿದ್ದರೆ ಈಗಲೇ ಬೇರೆ ಮೊಬೈಲಿನಿಂದ ಲಾಗಿನ್ ಆಗಿ ಕಸದ ಬುಟ್ಟಿ ನೋಡಿ. 30 ದಿನದ ನಂತರ ಅದು ತಾನೇ ಖಾಲಿಯಾಗುತ್ತದೆ.

ನಡುವೆ ಖಾಲಿ ಉಳಿದ ತಿಂಗಳುಗಳಿಗೆ ಜಿಎಸ್‌ಟಿ ಪೋರ್ಟಲ್ಲೇ ಆಸರೆ. ಮಾರಾಟ ನೀವು ಸಲ್ಲಿಸಿದ ಜಿಎಸ್‌ಟಿಆರ್-1 ರಿಟರ್ನಿನಲ್ಲಿದೆ, ಖರೀದಿ ಜಿಎಸ್‌ಟಿಆರ್-2ಬಿಯಲ್ಲಿದೆ. ದುಡ್ಡಿನ ಓಡಾಟ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿದೆ. ಸ್ಟಾಕ್ ಮಾತ್ರ ಗೋಡೌನಿಗೆ ಹೋಗಿ ಎಣಿಸಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಬೇಜಾರಿನ ಕೆಲಸ, ಆದರೂ ಮಾಡಲೇಬೇಕು. ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪುಸ್ತಕ ಇಟ್ಟಿರಬೇಕು ಅಂತ ಜಿಎಸ್‌ಟಿ ಕಾನೂನೇ ಹೇಳುತ್ತದೆ.

ಮುಂದೆ ಹೀಗೆ ಮಾಡಿ. ಎರಡು ಡಿಸ್ಕ್ ತಗೊಳ್ಳಿ. ಸೋಮವಾರ ಒಂದು, ಗುರುವಾರ ಇನ್ನೊಂದು. ಚುಚ್ಚಿ, ಕಾಪಿ ಮಾಡಿ, ಕಿತ್ತು, ಮನೆಗೆ ಒಯ್ಯಿರಿ. ಅಂಗಡಿಯಲ್ಲೇ ಇಟ್ಟರೆ ಬೆಂಕಿ ಬಿದ್ದಾಗ ಎರಡೂ ಹೋಗುತ್ತವೆ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನು ನಾನು ಬ್ಯಾಕಪ್ ಅಂತ ಕರೆಯುವುದೇ ಇಲ್ಲ. ಜೊತೆಗೆ ಹಳೆ ಆವೃತ್ತಿಗಳನ್ನು ಉಳಿಸಿಕೊಳ್ಳುವ ಕ್ಲೌಡ್ ಬ್ಯಾಕಪ್ ಇದ್ದರೆ ಇನ್ನೂ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಕೊನೆಯ ಬಿಲ್ ನಂಬರ್ ತಾಳೆ ಆಗುತ್ತದಾ ನೋಡಿ. ವರ್ಷಗಟ್ಟಲೆ ಖಾಲಿ ಫೋಲ್ಡರನ್ನೇ ಬ್ಯಾಕಪ್ ಮಾಡಿಕೊಂಡು ಬಂದವರನ್ನು ಕಂಡಿದ್ದೇನೆ. ಟ್ಯಾಲಿ ಡೇಟಾಕ್ಕೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಇಟ್ಟಿದ್ದರೆ ಕಾಗದದಲ್ಲಿ ಬರೆದು ಲಾಕರಿನಲ್ಲಿಡಿ. ಅದು ಮರೆತರೆ ಕಂಪನಿಯವರೂ ತೆಗೆದುಕೊಡಲಾರರು.

ಸಿಎ ಅವರಿಗೆ ಟ್ಯಾಲಿಪ್ರೈಮ್‌ನದೇ ರಿಮೋಟ್ ಲಾಗಿನ್ ಕೊಡಬಹುದು, ಇಲ್ಲವೇ ರೂಟರಿನಲ್ಲಿ ವಿಪಿಎನ್ (ಇಂಟರ್ನೆಟ್ಟಿನ ಒಳಗೇ ಬೀಗ ಹಾಕಿದ ಖಾಸಗಿ ದಾರಿ) ಹಾಕಿಸಿ. 3389 ಮುಚ್ಚಿಸಿ. ‘ಪೋರ್ಟ್ ನಂಬರ್ ಬದಲಿಸಿದ್ದೇನೆ, ಭಯ ಇಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಗಿಲಿಗೆ ಬೇರೆ ಬಣ್ಣ ಬಳಿದರೆ ಬೀಗ ಹಾಕಿದ ಹಾಗಾಗುವುದಿಲ್ಲ.

ಪ್ರಶ್ನೆ (ಮಷಿನ್ ಶಾಪ್, ಪೀಣ್ಯ):
ನಮ್ಮದು ಬೇರೆ ತರಹ. ಯಾವಾಗಲೂ ಸ್ಟೀಲ್ ಕೊಡುವವರಿಂದ ‘ಬ್ಯಾಂಕ್ ಅಕೌಂಟ್ ಬದಲಾಗಿದೆ’ ಅಂತ ಮೇಲ್ ಬಂತು. ಹಿಂದಿನ ಮಾತುಕತೆಯ ಕೆಳಗೇ ಬಂದಿತ್ತು, ಬಿಲ್ ಮೊತ್ತವೂ ಸರಿ ಇತ್ತು. ನಿನ್ನೆ ಸಂಜೆ ಅಕೌಂಟ್ಸ್ ಮೇಡಂ ದುಡ್ಡು ಹಾಕಿದರು. ಇವತ್ತು ಅವರು ಫೋನ್ ಮಾಡಿ ಪೇಮೆಂಟ್ ಯಾವಾಗ ಅಂತ ಕೇಳುತ್ತಿದ್ದಾರೆ!

ಉತ್ತರ:
ಇದನ್ನು ಓದುವುದು ಬಿಟ್ಟು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ದುಡ್ಡು ಬೇರೆ ಬೇರೆ ಖಾತೆಗೆ ಹಂಚಿಹೋಗುವ ಮೊದಲು ತಡೆಯಬೇಕು. ಇಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ.

ಮಾಡಿ ಆಯಿತಾ? ಈಗ ಆ ಮೇಲ್ ವಿಳಾಸವನ್ನು ಅಕ್ಷರ ಅಕ್ಷರ ನೋಡಿ. ಒಂದು ಅಕ್ಷರ ಜಾಸ್ತಿಯೋ ಕಡಿಮೆಯೋ ಇದ್ದರೆ ಅದು ನಕಲಿ ಡೊಮೇನ್. ಆದರೆ ಹಳೆ ಮಾತುಕತೆ ಅವರ ಕೈಯಲ್ಲಿತ್ತು ಅಂದರೆ ನಿಮ್ಮ ಮೇಲ್ ಬಾಕ್ಸಿನಲ್ಲೋ ಅವರದರಲ್ಲೋ ಯಾರೋ ಕೂತು ಓದುತ್ತಿದ್ದಾರೆ. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಸೆಟ್ಟಿಂಗ್ಸ್‌ನಲ್ಲಿ ನೀವು ಹಾಕದ ಫಾರ್ವರ್ಡ್ ಅಥವಾ ಫಿಲ್ಟರ್ ಇದೆಯಾ ನೋಡಿ, ಎಲ್ಲ ಡಿವೈಸಿನಿಂದ ಲಾಗ್‌ಔಟ್ ಮಾಡಿ, ಎರಡು ಹಂತದ ಲಾಗಿನ್ ಹಾಕಿ.

ಮೇಡಂ ಅವರನ್ನು ದಯವಿಟ್ಟು ಬೈಯಬೇಡಿ. ಬೈದರೆ ಮುಂದಿನ ಸಲ ತಪ್ಪಾದಾಗ ಹೇಳದೆ ಮುಚ್ಚಿಡುತ್ತಾರೆ. ಅಕೌಂಟ್ ನಂಬರ್ ಬದಲಾದರೆ ಹಳೆ ಫೋನ್ ನಂಬರಿಗೆ ಕರೆ ಮಾಡಿ, ಪರಿಚಯದ ದನಿ ಕೇಳಿಸಿಕೊಂಡ ಮೇಲೆಯೇ ದುಡ್ಡು ಎಂಬ ಪದ್ಧತಿ ತನ್ನಿ. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ.

ಪ್ರಶ್ನೆ (ಪ್ರಿಂಟಿಂಗ್ ಪ್ರೆಸ್, ಶಿವಮೊಗ್ಗ):
ಎಂಟೂ ಸಿಸ್ಟಂ ವಿಂಡೋಸ್ 10. ಚೆನ್ನಾಗೇ ಓಡುತ್ತಿವೆ. ಬದಲಿಸಲೇಬೇಕಾ?

ಉತ್ತರ:
ಓಡುತ್ತವೆ, ಆದರೆ 14 ಅಕ್ಟೋಬರ್ 2025ಕ್ಕೆ ಅದರ ಮಾಮೂಲು ಉಚಿತ ಅಪ್‌ಡೇಟ್ ನಿಂತಿದೆ. 2017ರ ಮೇನಲ್ಲಿ ವಾನಾಕ್ರೈ ವೈರಸ್ ಬಂತಲ್ಲ, ಅದಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಕೊಂಡರು. ಎಂಟನ್ನೂ ಒಟ್ಟಿಗೆ ಬದಲಿಸಬೇಕಿಲ್ಲ. ಬ್ಯಾಂಕ್, ಜಿಎಸ್‌ಟಿ, ಮೇಲ್ ನೋಡುವ ಸಿಸ್ಟಂ ಮೊದಲು. ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಇದ್ದು ಪ್ರೊಸೆಸರೂ ಹೊಂದಿದರೆ ಅದನ್ನೇ 11ಕ್ಕೆ ಏರಿಸಬಹುದು. ಪ್ರಿಂಟರ್ ಓಡಿಸುವ ಹಳೆಯದನ್ನು ಇಂಟರ್ನೆಟ್ ಇಲ್ಲದೆ ಓಡಿಸಿ. ಕ್ರ್ಯಾಕ್ ವಿಂಡೋಸ್ ಮಾತ್ರ ಹಾಕಿಸಬೇಡಿ.

ಹುಬ್ಬಳ್ಳಿಯವರು (ಮೂರು ದಿನದ ಮೇಲೆ):
ಸರ್, ಸಿಎ ಹತ್ತಿರ ಮಾರ್ಚ್‌ವರೆಗಿನ ಬ್ಯಾಕಪ್ ಸಿಕ್ಕಿತು. ಅಲ್ಲಿಂದ ಮುಂದಿನದು ಪೋರ್ಟಲ್ ನೋಡಿ ಕೂರಿಸುತ್ತಿದ್ದೇವೆ. ಆ ವೈರಸ್ಸಿಗೆ ಇನ್ನೂ ಕೀ ಬಂದಿಲ್ಲವಂತೆ. ಡಿಸ್ಕ್ ಬೀರುವಿನಲ್ಲಿದೆ. ಇವತ್ತು ಗುರುವಾರ, ಎರಡನೇ ಡಿಸ್ಕ್ ಮನೆಗೆ ಬಂತು.